ಟ್ರಿಗರ್ ಬಿಗಿ ಅಂತ ಸ್ಪ್ರಿಂಗ್ ಕತ್ತರಿಸಬೇಡಿ: ಪಾಯಿಂಟ್ ಟೂ ಟೂ ರೈಫಲ್ಲಿನ ದೋಷ ಹುಡುಕುವ ದಾರಿ

2024ರ ಮೇ 7ಕ್ಕೆ ನಮ್ಮ ಬಳ್ಳಾರಿ ಕಡೆ ಲೋಕಸಭೆ ಚುನಾವಣೆಯ ಮತದಾನ ಇತ್ತು. ಚುನಾವಣೆ ಬಂತು ಅಂದರೆ ಲೈಸೆನ್ಸ್ ಇರುವವರಿಗೆ ಬಂದೂಕು ತಂದು ಠಾಣೆಯಲ್ಲಿ ಜಮಾ ಮಾಡಿ ಅಂತ ಹೇಳುತ್ತಾರೆ, ಗೊತ್ತಲ್ವಾ. ನಾನೂ ನನ್ನ ಪಾಯಿಂಟ್ ಟೂ ಟೂ (.22) ಬೋಲ್ಟ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಚಿಲಕವನ್ನು ಕೈಯಲ್ಲೇ ಎಳೆದು ಮುಚ್ಚುವಂಥದ್ದು, ಕೊಟ್ಟು ರಸೀದಿ ತಗೊಂಡು ಬಂದಿದ್ದೆ. ಕೊಡುವ ಹಿಂದಿನ ರಾತ್ರಿ, ತುಕ್ಕು ಹಿಡಿಯಬಾರದು ಅಂತ, ಟ್ರಿಗರ್ ಸುತ್ತ ಧಾರಾಳವಾಗಿ ಎಣ್ಣೆ ಬಿಟ್ಟಿದ್ದೆ. ಜೂನ್‌ನಲ್ಲಿ ವಾಪಸ್ ತಂದು ಖಾಲಿ ಕೇಸ್ (ಹೊಡೆದ ತೋಟಾದ ಹಿತ್ತಾಳೆ ಚಿಪ್ಪು) ಹಾಕಿ ಟ್ರಿಗರ್ ಎಳೆದರೆ ಅದು ನನ್ನ ರೈಫಲ್ ಅಂತ ಅನ್ನಿಸಲೇ ಇಲ್ಲ. ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಅಲ್ಲಿ ಮರಳಿನ ಮೇಲೆ ಚಪ್ಪಲಿ ಉಜ್ಜಿದ ಹಾಗೆ ಕರಕರ ಅನ್ನುತ್ತದೆ, ನಿಲ್ಲುತ್ತದೆ, ಇನ್ನೂ ಒತ್ತಿದರೆ ತಟ್ಟನೆ ಬಿಟ್ಟುಬಿಡುತ್ತದೆ. ಒಂದು ಸಲ ಎಳೆದ ಹಾಗೆ ಇನ್ನೊಂದು ಸಲ ಇಲ್ಲ.

ನಾನು ಜೀನ್ಸ್ ಹೊಲಿಯುವ ಘಟಕಗಳಲ್ಲಿ ಮಷೀನ್ ರಿಪೇರಿ ಮಾಡುವವನು. ಸ್ಪ್ರಿಂಗು, ಪಿನ್ನು, ಸಣ್ಣ ಸ್ಕ್ರೂ ಇವುಗಳ ಜೊತೆಗೇ ದಿನ ಕಳೆಯುತ್ತದೆ. ಅದಕ್ಕೇ ಗೆಳೆಯರು ಫೋನ್ ಮಾಡಿ "ಅಣ್ಣಾ, ಟ್ರಿಗರ್ ಭಾಳ ಬಿಗಿ ಐತಿ, ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದ್ರೆ ಆಗುತ್ತಾ?" ಅಂತ ಕೇಳುತ್ತಾರೆ. ಆಗಲ್ಲ. ಕತ್ತರಿಸಬೇಡಿ. ನಾನು ಇಷ್ಟು ವರ್ಷದಲ್ಲಿ ನೋಡಿದ ಬಿಗಿ ಟ್ರಿಗರ್‌ಗಳಲ್ಲಿ ಸ್ಪ್ರಿಂಗಿನದೇ ತಪ್ಪು ಅನ್ನುವಂಥದ್ದು ಬಹಳ ಕಡಿಮೆ. ಧೂಳು, ಗಟ್ಟಿಯಾದ ಎಣ್ಣೆ, ರೈಫಲ್ಲಿನ ಕಟ್ಟಿಗೆಗೆ ತಾಗುವ ಟ್ರಿಗರ್, ಸಡಿಲ ಸ್ಕ್ರೂ, ಇಲ್ಲಾಂದರೆ ಎಳೆಯುವ ಬೆರಳು. ಇವನ್ನು ಒಂದೊಂದಾಗಿ ನೋಡಿ ಬಿಟ್ಟ ಮೇಲೆ ಮಾತ್ರ ಟ್ರಿಗರಿನ ಒಳಗಿನ ಮಾತು. ಆ ಒಳಗಿನ ಕೆಲಸ ಮನೆಯದಲ್ಲ.

ಏಕಲ್ಲ ಅಂದರೆ, ಒಂದು ಕಾನೂನು. 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರ ಅಲ್ಲ, ರಿಪೇರಿ ಮಾಡಿಕೊಡುವುದಕ್ಕೂ ಲೈಸೆನ್ಸ್ ಬೇಕು. ನಾನು ಮಷೀನ್ ರಿಪೇರಿಯಲ್ಲಿ ಎಷ್ಟೇ ಪಳಗಿದ್ದರೂ ಗೆಳೆಯನ ರೈಫಲ್ ಬಿಚ್ಚಿ ಸಿಯರ್ (ಟ್ರಿಗರ್ ಎಳೆಯುವ ತನಕ ಹೊಡೆಯುವ ಪಿನ್ನನ್ನು ತಡೆದಿಡುವ ಸಣ್ಣ ಹಲ್ಲು) ಉಜ್ಜಿಕೊಡುವ ಹಾಗಿಲ್ಲ. ಇನ್ನೊಂದು ಕಾರಣ ಲೋಹದ್ದು, ಅದನ್ನು ಕೆಳಗೆ ಹೇಳುತ್ತೇನೆ. ಮನೆಯಲ್ಲಿ ನಾವು ಮಾಡುವುದು ಇಷ್ಟು: ಅಳೆಯುವುದು, ನೋಡುವುದು, ಸ್ವಚ್ಛ ಮಾಡುವುದು, ಮತ್ತು ಕಂಪನಿಯ ಕೈಪಿಡಿಯಲ್ಲಿ ಮಾಲೀಕ ತಿರುಗಿಸಬಹುದು ಅಂತ ಬರೆದ ಸ್ಕ್ರೂ ಇದ್ದರೆ ಅದನ್ನು ತಿರುಗಿಸುವುದು.

ಮೊದಲ ಕೆಲಸ: ತೋಟಾ ಇನ್ನೊಂದು ಕೋಣೆಗೆ

ಮ್ಯಾಗಜೀನ್, ಅಂದರೆ ತೋಟಾ ತುಂಬುವ ಡಬ್ಬಿ, ತೆಗೆಯಿರಿ. ಬೋಲ್ಟ್ ಎಳೆಯಿರಿ. ತೋಟಾ ಕೂರುವ ಗೂಡು, ಅಂದರೆ ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಮನೆಯಲ್ಲಿರುವ ಎಲ್ಲ ತೋಟಾ, ಜೇಬಲ್ಲಿ ಉಳಿದ ಒಂದೂ ಸೇರಿ, ಬೇರೆ ಕೋಣೆಯ ಬೀರುವಿಗೆ ಹೋಗಿ ಬೀಗ ಬೀಳಬೇಕು. ಆಮೇಲೆ ಇನ್ನೊಂದು ಸಲ ಚೇಂಬರ್ ನೋಡಿ. ಚಹಾ ಕುಡಿಯಲು ಎದ್ದು ಹೋಗಿ ಬಂದರೆ ಮತ್ತೆ ನೋಡಿ. ಪರೀಕ್ಷೆಗೆ ಅಂತ ಬಾಯಿ ಮೇಲೆ ಮಾಡುವಾಗ ಬಿಟ್ಟರೆ ರೈಫಲ್ಲಿನ ಬಾಯಿ ಯಾವಾಗಲೂ ಹೊರಗೋಡೆಯ ಕಡೆ, ಆಚೆ ಯಾರೂ ಓಡಾಡದ ಕಡೆ ಇರಲಿ.

ಪಾಯಿಂಟ್ ಟೂ ಟೂ ತೋಟಾ ರಿಮ್‌ಫೈರ್ ಅನ್ನುವ ಜಾತಿಯದು, ಅದರಲ್ಲಿ ಇನ್ನೊಂದು ವಿಷಯ ಇದೆ. ಇದರಲ್ಲಿ ಕಿಡಿ ಕೊಡುವ ಮದ್ದು ತೋಟಾದ ಹಿಂದಿನ ಅಂಚಿನ ಒಳಗೆ ಇರುತ್ತದೆ, ತೋಟಾಕ್ಕೆ ಹೊಡೆಯುವ ಪಿನ್ ನಡುವೆ ಹೊಡೆಯದೆ ಅಂಚಿಗೇ ಹೊಡೆಯುತ್ತದೆ. ಚೇಂಬರ್ ಪೂರ್ತಿ ಖಾಲಿ ಇಟ್ಟು ಸುಮ್ನೆ ಟ್ರಿಗರ್ ಎಳೆಯುತ್ತಾ ಹೋದರೆ ಕೆಲವು ರೈಫಲ್‌ಗಳಲ್ಲಿ ಪಿನ್ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳುತ್ತದೆ, ಪಿನ್ನಿನ ಮೂತಿಯೂ ಹಾಳಾಗುತ್ತದೆ. ಅದಕ್ಕೆ ಅದೇ ರೈಫಲ್ಲಿನಲ್ಲಿ ಹೊಡೆದ ಖಾಲಿ ಕೇಸ್ ಹಾಕಿ ಪರೀಕ್ಷೆ ಮಾಡಿ. ಪ್ರತಿ ಸಲ ಕೇಸನ್ನು ಸ್ವಲ್ಪ ತಿರುಗಿಸಿ, ಪಿನ್ ಹೊಸ ಜಾಗಕ್ಕೆ ಬೀಳಲಿ. ಅಂಚು ಸುತ್ತಲೂ ಚಪ್ಪಟೆಯಾದರೆ ಎಸೆದು ಬೇರೆ ತಗೊಳ್ಳಿ. ನಾನು ಹತ್ತು ಖಾಲಿ ಕೇಸಿಗೆ ಮೈ ತುಂಬ ಕೆಂಪು ಉಗುರು ಬಣ್ಣ ಹಚ್ಚಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಜಿನ ಮೇಲೆ ಕೆಂಪಲ್ಲದ ಹಿತ್ತಾಳೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅಳೆಯದೆ ಬಿಗಿ ಅನ್ನಬೇಡಿ

ಟ್ರಿಗರಿನ ತೂಕ, ಅಂದರೆ ಅದು ಬಿಟ್ಟುಕೊಳ್ಳಲು ಬೇಕಾದ ಎಳೆತ, ಬೆರಳಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹಗುರ ಅನ್ನಿಸಿದ ಟ್ರಿಗರ್ ಮಧ್ಯಾಹ್ನ ಬಿಸಿಲಲ್ಲಿ ಬೆವರಿನ ಕೈಗೆ ಭಾರ ಅನ್ನಿಸುತ್ತದೆ. ಲಗೇಜ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಅದರ ಕೊಕ್ಕೆಯನ್ನೇ ಟ್ರಿಗರಿಗೆ ಹಾಕಿ ಎಳೆದು ನೋಡಬಹುದು. ಆದರೆ ನನಗೆ ನೀರಿನ ಬಾಟಲಿಯ ವಿಧಾನವೇ ಇಷ್ಟ, ಯಾಕಂದರೆ ಅದರಲ್ಲಿ ಕೈ ಜಗ್ಗುವುದಿಲ್ಲ.

ಮಾಡುವುದು ಹೀಗೆ. ಗಟ್ಟಿ ತಂತಿಯನ್ನು ಬಗ್ಗಿಸಿ ಕೊಕ್ಕೆ ಮಾಡಿ. ಅದರ ಒಂದು ತುದಿ ಟ್ರಿಗರಿನ ನಡುಭಾಗದಲ್ಲಿ, ಬೆರಳು ಕೂರುವ ಜಾಗದಲ್ಲೇ ಕೂರಬೇಕು. ಇನ್ನೊಂದು ತುದಿಗೆ ಮೂರು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಬಾಟಲಿ. ರೈಫಲ್ಲನ್ನು ಬಾಯಿ ಮೇಲೆ ಮಾಡಿ ನೆಟ್ಟಗೆ ಹಿಡಿದರೆ ಬಾಟಲಿ ಹಿಡಿಕೆಯ ಪಕ್ಕದಲ್ಲಿ, ಕಟ್ಟಿಗೆಗೆ ತಾಗದ ಹಾಗೆ ನೇರ ಕೆಳಗೆ ತೂಗುತ್ತದೆ. ಕೆಂಪು ಕೇಸ್ ಹಾಕಿ, ಬೋಲ್ಟ್ ಮುಚ್ಚಿ, ಸೇಫ್ಟಿ (ಗುಂಡು ಹಾರದ ಹಾಗೆ ತಡೆಯುವ ಗುಂಡಿ) ತೆಗೆದು, ಬಾಟಲಿಗೆ ನೀರು ಬಿಡುತ್ತಾ ಹೋಗುವುದು. ನಾನು ರೈಫಲ್ ಹಿಡಿದುಕೊಳ್ಳುತ್ತೇನೆ, ತಮ್ಮ ಲೋಟದಿಂದ ನೂಲಿನಂತೆ ನೀರು ಬಿಡುತ್ತಾನೆ. ಟಕ್ ಅಂದ ಕ್ಷಣ "ಸಾಕು" ಅನ್ನುತ್ತೇನೆ. ಆಮೇಲೆ ಕೊಕ್ಕೆ, ಬಾಟಲಿ, ನೀರು ಮೂರನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಬಂದ ತೂಕವೇ ಟ್ರಿಗರಿನ ತೂಕ. ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ, ಒಂದು ಲೀಟರ್ ನೀರು ಅಂದರೆ ಒಂದು ಕಿಲೋ.

ಹತ್ತು ಸಲ ಮಾಡಿ, ಹತ್ತನ್ನೂ ಬರೆಯಿರಿ. ಸರಾಸರಿಗಿಂತ ಮುಖ್ಯ ಯಾವುದು ಗೊತ್ತಾ, ಅತಿ ಕಡಿಮೆಗೂ ಅತಿ ಜಾಸ್ತಿಗೂ ಇರುವ ಅಂತರ. ಠಾಣೆಯಿಂದ ತಂದ ದಿನ ನನ್ನದು 1,900 ಗ್ರಾಂನಿಂದ 2,700 ಗ್ರಾಂವರೆಗೆ ಕುಣಿಯುತ್ತಿತ್ತು. ಸ್ಪ್ರಿಂಗ್ ಹಾಗೆ ಕುಣಿಯುವುದಿಲ್ಲ. ಸ್ಪ್ರಿಂಗ್ ಬಿಗಿ ಇದ್ದರೆ ಹತ್ತು ಸಲವೂ ಒಂದೇ ಥರ ಬಿಗಿ ಇರುತ್ತದೆ. ಅಳತೆ ಕುಣಿಯಿತು ಅಂದರೆ ಎಲ್ಲೋ ಏನೋ ಉಜ್ಜುತ್ತಿದೆ, ಅಂಟುತ್ತಿದೆ, ಇಲ್ಲಾ ಅಲುಗಾಡುತ್ತಿದೆ. ಇದೊಂದು ಅಳತೆ ಮಾಡಿದರೆ ಅರ್ಧ ದೋಷ ಸಿಕ್ಕಿಬಿದ್ದ ಹಾಗೆ.

ಧೂಳು ಮತ್ತು ಎಣ್ಣೆ: ನಮ್ಮ ಊರಿನ ಕಾಯಿಲೆ

ಅಳತೆ ಕುಣಿಯುತ್ತಿದೆ, ಎಳೆಯುವಾಗ ಕರಕರ ಅನ್ನುತ್ತದೆ ಅಂದರೆ ಮೊದಲು ಇದನ್ನೇ ಹಿಡಿಯಿರಿ.

ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಒಂದು ಕೆಂಪು ಪುಡಿ ಬಳಸುತ್ತಾರಲ್ವಾ, ಅದು ನುಣ್ಣಗಿನ ಕಬ್ಬಿಣದ ಆಕ್ಸೈಡ್. ಸಂಡೂರು ಕಡೆಯ ಅದಿರೂ ಅದೇ ಜಾತಿಯದು. ಆ ಅದಿರಿನ ಧೂಳು ರಸ್ತೆಯಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಎಣ್ಣೆ ಇರುವ ಟ್ರಿಗರಿಗೆ ಬಂದು ಕೂತರೆ ಅಲ್ಲಿ ಉಜ್ಜುವ ಪೇಸ್ಟ್ ತಯಾರಾಗುತ್ತದೆ. ರಾಯಚೂರಿನವರಿಗೆ ಜಿನ್ನಿಂಗ್ ಗಿರಣಿಯ ಹತ್ತಿಯ ನಾರು, ಗಂಗಾವತಿಯವರಿಗೆ ಅಕ್ಕಿ ಗಿರಣಿಯ ತೌಡಿನ ಪುಡಿ. ಜೊತೆಗೆ ಪಾಯಿಂಟ್ ಟೂ ಟೂ ತೋಟಾದ್ದೇ ಒಂದು ಕೊಡುಗೆ ಇದೆ. ಅದರ ಸೀಸದ ಗುಂಡಿಗೆ ಹೊರಗಡೆಯೇ ಮೇಣ ಅಥವಾ ಗ್ರೀಸ್ ಸವರಿರುತ್ತಾರೆ. ಆ ಮೇಣ, ಉರಿಯದೆ ಉಳಿದ ಮದ್ದಿನ ಕಣ, ಸೀಸದ ಪುಡಿ ಎಲ್ಲ ಹಿಂದಕ್ಕೆ ಬಂದು ಬೋಲ್ಟಿನ ಕೆಳಗೆ ಇಳಿಯುತ್ತವೆ. ಮೇಲೆ ನಮ್ಮ ಬಿಸಿಲು. ಎಣ್ಣೆಯಲ್ಲಿನ ತೆಳು ಭಾಗ ಆರಿ ಹೋಗಿ ದಪ್ಪ ಅಂಟು ಮಾತ್ರ ಉಳಿಯುತ್ತದೆ.

ಎಣ್ಣೆಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಿಯೇ ಇರುತ್ತದೆ. ಕೊಬ್ಬರಿ ಎಣ್ಣೆ ತಲೆಗೆ, ಅಡುಗೆ ಎಣ್ಣೆ ಬಾಣಲೆಗೆ. ಸಿಂಧನೂರಿನ ಗೆಳೆಯರೊಬ್ಬರ ರೈಫಲ್ಲಿಗೆ ಅವರ ಮನೆಯಲ್ಲಿ ವರ್ಷಗಟ್ಟಲೆ ಕೊಬ್ಬರಿ ಎಣ್ಣೆಯೇ ಹಾಕಿದ್ದರು. ಟ್ರಿಗರ್ ಎಳೆದು ಬಿಟ್ಟರೆ ಅದು ತನ್ನ ಜಾಗಕ್ಕೆ ವಾಪಸ್ ಬರಲು ನಿಧಾನ ಮಾಡುತ್ತಿತ್ತು, ನಿದ್ದೆಯಿಂದ ಎದ್ದವರ ಹಾಗೆ. ಇದು ಬರೀ ತೊಂದರೆಯಲ್ಲ, ಅಪಾಯ. ಟ್ರಿಗರ್ ಪೂರ್ತಿ ವಾಪಸ್ ಬರಲಿಲ್ಲ ಅಂದರೆ ಮುಂದಿನ ಸಲ ಸಿಯರ್ ಅರ್ಧ ಮಾತ್ರ ಹಿಡಿದುಕೊಂಡಿರುತ್ತದೆ. ಹೊಲಿಗೆ ಮಷೀನಿನ ಎಣ್ಣೆ ತೆಳು, ಒಳ್ಳೆಯದೇ, ಆದರೆ ನಾನು ಅದನ್ನೂ ಮಷೀನಿಗೆ ಬಿಡುವ ಹಾಗೆ ಬಿಟ್ಟು ಕೆಡಿಸಿಕೊಂಡೆ. ಮಷೀನು ದಿನಾ ಓಡುತ್ತದೆ, ಹಳೇ ಎಣ್ಣೆ ಹೊರಗೆ ಬರುತ್ತದೆ. ರೈಫಲ್ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತದೆ.

ತೊಳೆಯುವುದು ಹೇಗೆ? ಬೋಲ್ಟ್ ಹೊರಗೆ ತೆಗೆಯಿರಿ. ಕೆಳಗಿನ ಸ್ಕ್ರೂ ಬಿಚ್ಚಿ ಕಬ್ಬಿಣದ ಭಾಗವನ್ನು ಕಟ್ಟಿಗೆಯಿಂದ ಎತ್ತಿ. ಯಾವ ಸ್ಕ್ರೂ ಮುಂದಿನದು, ಯಾವುದು ಹಿಂದಿನದು ಅಂತ ಬರೆದ ಚೀಟಿಯ ಮೇಲೆ ಇಡಿ, ಉದ್ದ ಬೇರೆ ಬೇರೆ ಇರುತ್ತದೆ. ಅಷ್ಟೇ, ಇನ್ನು ಟ್ರಿಗರಿನ ಒಂದು ಪಿನ್ನನ್ನೂ ತೆಗೆಯಬೇಡಿ. ಇಡೀ ಟ್ರಿಗರನ್ನು ಇದ್ದ ಹಾಗೇ ತೊಳೆಯಬಹುದು. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಒರೆಸಲು ಐಪಿಎ ಅಂತ ಬಳಸುತ್ತಾರೆ, ಐಸೋಪ್ರೊಪೈಲ್ ಆಲ್ಕೋಹಾಲ್, ಅದು ಸಾಕು. ಹಠ ಮಾಡುವ ಅಂಟಿಗೆ ಪೇಂಟ್ ಅಂಗಡಿಯ ಟರ್ಪೆಂಟೈನ್. ಎರಡೂ ಹೊತ್ತಿಕೊಳ್ಳುತ್ತವೆ. ಕಿಟಕಿ ತೆಗೆದಿರಲಿ, ಒಲೆ, ದೇವರ ದೀಪ, ಊದುಬತ್ತಿ ಏನೂ ಹತ್ತಿರ ಇರಬಾರದು. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಕಟ್ಟಿಗೆಯ ಮೇಲೂ ಇವು ಬೀಳಬಾರದು, ಪಾಲಿಶ್ ಎದ್ದು ಬರುತ್ತದೆ.

ನಾನು ಮಾಡಿದ್ದು ಹೀಗೆ. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಟ್ರಿಗರ್ ಕೆಳಮುಖ ಇರುವ ಹಾಗೆ ಹಿಡಿದು, ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜಿನಿಂದ ಐಪಿಎಯನ್ನು ಮೇಲಿನಿಂದ ಹನಿ ಹನಿ ಬಿಟ್ಟೆ. ಮೊದಲು ಏನೂ ಬರಲಿಲ್ಲ. ಹಳೇ ಟೂತ್ ಬ್ರಷ್‌ನಿಂದ ನಾಲ್ಕು ಸಲ ತಟ್ಟಿದೆ. ಆಮೇಲೆ ಎಲೆ ಅಡಿಕೆ ಉಗುಳಿದ ಬಣ್ಣದ್ದು ಇಳಿಯತೊಡಗಿತು, ಅದರ ಹಿಂದೆ ಕಪ್ಪು, ಕಪ್ಪಿನಲ್ಲಿ ಒಂದೆರಡು ನೀಲಿ ನಾರು. ನೀಲಿ ನೋಡಿ ತಕ್ಷಣ ಗೊತ್ತಾಯಿತು, ಅದು ಜೀನ್ಸಿನ ನೂಲು, ನನ್ನ ಅಂಗಿಯಿಂದಲೇ ಬಂದದ್ದು. ಟ್ರಿಗರನ್ನು ಮುಂದೆ ಹಿಂದೆ ಆಡಿಸುತ್ತಾ ಬಟ್ಟೆಯ ಮೇಲೆ ಬೀಳುವ ಹನಿ ನೀರಿನಷ್ಟು ತಿಳಿ ಆಗುವ ತನಕ ಬಿಟ್ಟೆ. ಕಾಲು ಲೀಟರಿನ ಬಾಟಲಿಯಲ್ಲಿ ಅರ್ಧ ಖರ್ಚಾಯಿತು. ಆಮೇಲೆ ನೆರಳಲ್ಲಿ ಒಂದು ಗಂಟೆ ಆರಲು ಬಿಟ್ಟು, ರಬ್ಬರ್ ಬ್ಲೋವರಿನಿಂದ ಊದಿದೆ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬೇಡಿ, ಆ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ.

ಎಣ್ಣೆ ಎಷ್ಟು? ಹೊಲಿಗೆ ಸೂಜಿಯ ತುದಿ ಅದ್ದಿದರೆ ಎಷ್ಟು ಅಂಟುತ್ತದೋ ಅಷ್ಟು, ಟ್ರಿಗರ್ ತಿರುಗುವ ಪಿನ್ನಿನ ಎರಡು ಕೊನೆಗೆ. ಅಷ್ಟೇ. ಸಿಯರಿನ ಮುಖಕ್ಕೆ ಗ್ರೀಸ್ ಹಾಕಬೇಕೋ ಬೇಡವೋ ಅನ್ನುವುದನ್ನು ನಿಮ್ಮ ರೈಫಲ್ಲಿನ ಕೈಪಿಡಿ ಹೇಳುತ್ತದೆ. ಹೇಳದಿದ್ದರೆ ಹಾಕಬೇಡಿ.

ಮತ್ತೆ ಬಾಟಲಿ ತೂಗಿದಾಗ ಹತ್ತು ಅಳತೆಯೂ 1,750 ಮತ್ತು 1,850 ಗ್ರಾಂ ನಡುವೆ ಬಂದವು. ತಮ್ಮ ಲೋಟ ಕೆಳಗಿಟ್ಟು "ಅಣ್ಣಾ, ನೀ ಸ್ಪ್ರಿಂಗ್ ಬದಲಿಸಿದಿ ಏನು?" ಅಂತ ಕೇಳಿದ. ಟ್ರಿಗರಿನ ಒಂದು ಸ್ಕ್ರೂ ಕೂಡ ತಿರುಗಿಸಿರಲಿಲ್ಲ.

ಕಟ್ಟಿಗೆಗೆ ತಾಗುತ್ತಿದೆಯಾ?

ಕಟ್ಟಿಗೆಯಿಂದ ಹೊರಗೆ ತೆಗೆದಾಗ ಟ್ರಿಗರ್ ನುಣ್ಣಗೆ ಇದೆ, ಒಳಗೆ ಕೂರಿಸಿ ಸ್ಕ್ರೂ ಬಿಗಿದ ಕೂಡಲೇ ಭಾರ ಆಗುತ್ತದೆ. ಹೀಗಾದರೆ ಟ್ರಿಗರಿನ ತಪ್ಪಲ್ಲ, ಅದು ಎಲ್ಲೋ ತಾಗುತ್ತಿದೆ.

ಗಂಗಾವತಿಯ ಗೆಳೆಯನದು ಇದೇ. ಅಪ್ಪನ ಕಾಲದ ರೈಫಲ್ಲಿನ ಕಟ್ಟಿಗೆ ಚೆನ್ನಾಗಿ ಕಾಣಲಿ ಅಂತ ಬಡಗಿಯ ಹತ್ತಿರ ಕಟ್ಟಿಗೆಗೆ ಮಾತ್ರ ಹೊಸ ವಾರ್ನಿಶ್ ಹೊಡೆಸಿದ್ದ. ಟ್ರಿಗರ್ ಹೊರಬರುವ ಸೀಳಿನ ಒಳಗೂ ವಾರ್ನಿಶ್ ಇಳಿದು ಒಂದು ಪದರ ಗಟ್ಟಿಯಾಗಿತ್ತು. ಕಣ್ಣಿಗೆ ಕಾಣದಷ್ಟು. ಅವನು ಮೂರು ತಿಂಗಳು ಸ್ಪ್ರಿಂಗಿಗೆ ಬೈಯುತ್ತಿದ್ದ.

ಇದನ್ನು ಹಿಡಿಯುವುದು ಸುಲಭ. ಕ್ಯಾಲೆಂಡರಿನ ಹಾಳೆಯಿಂದ ಕಿರಿದಾದ ಪಟ್ಟಿ ಕತ್ತರಿಸಿ ಟ್ರಿಗರ್ ಮತ್ತು ಸೀಳಿನ ನಡುವೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಹಾಕಿ ಓಡಾಡಿಸಿ. ಎಲ್ಲಿ ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲೇ ತಾಗುತ್ತಿದೆ. ಖಾತ್ರಿ ಬೇಕಂದರೆ ಟ್ರಿಗರಿನ ಪಕ್ಕಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಹಚ್ಚಿ, ಇಪ್ಪತ್ತು ಸಲ ಎಳೆದು, ಬಿಚ್ಚಿ ನೋಡಿ. ಕಪ್ಪು ಅಳಿದ ಜಾಗ ಹೊಳೆಯುತ್ತಿರುತ್ತದೆ. ಟ್ರಿಗರ್ ಗಾರ್ಡ್ ಓರೆಯಾಗಿ ಕೂತಿದ್ದರೂ ಇದೇ ಆಗುತ್ತದೆ, ಸ್ಕ್ರೂ ಸಡಿಲಿಸಿ ನೇರ ಮಾಡಿ ಮತ್ತೆ ಬಿಗಿದರೆ ಮುಗಿಯಿತು. ವಾರ್ನಿಶ್ ಪದರ ಆದರೆ ಕಟ್ಟಿಗೆಯ ಸೀಳನ್ನು ಮಾತ್ರ ನುಣ್ಣಗಿನ ಪಾಲಿಶ್ ಪೇಪರಿನಿಂದ ಎರಡು ಸಲ ಎಳೆಯಿರಿ. ಲೋಹಕ್ಕೆ ಪೇಪರ್ ತಾಗಬಾರದು.

ಕಬ್ಬಿಣದ ಭಾಗವನ್ನು ಕಟ್ಟಿಗೆಗೆ ಹಿಡಿದಿಡುವ ಮೈಸ್ಕ್ರೂಗಳನ್ನೂ ಇಲ್ಲೇ ನೋಡಿಬಿಡಿ. ಸಡಿಲ ಇದ್ದರೆ ಎಳೆಯುವಾಗ ಇಡೀ ಕಬ್ಬಿಣದ ಭಾಗವೇ ಕೂದಲೆಳೆಯಷ್ಟು ಜರುಗುತ್ತದೆ, ನಮಗೆ ಅದು ಟ್ರಿಗರ್ ಜಾರಿದ ಹಾಗೆ ಅನ್ನಿಸುತ್ತದೆ. ಆದರೆ ಕಂಡಾಪಟ್ಟೆ ಬಿಗಿಯಬೇಡಿ, ಕಟ್ಟಿಗೆ ನಜ್ಜಾಗುತ್ತದೆ. ಸ್ಕ್ರೂ ತಲೆಯ ಗೆರೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ನಿಂತಲ್ಲಿ ನಿಲ್ಲಿಸಿ.

ಬೆರಳಿನ ದೋಷ

ಇಬ್ಬರು ಎಳೆದಾಗ ಒಬ್ಬರಿಗೆ ಮಾತ್ರ ಭಾರ ಅನ್ನಿಸಿದರೆ ರೈಫಲ್ ಬಿಟ್ಟು ಕೈ ನೋಡಿ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿ ಬಂದ ಒಬ್ಬ ಹುಡುಗಿಗೆ ಗುರಿ ಹೊಡೆಯುವ ರೇಂಜಿನಲ್ಲಿ ಇದೇ ತೊಂದರೆ ಇತ್ತು. ಬಾಟಲಿ ಅಳತೆಯಲ್ಲಿ ಟ್ರಿಗರ್ ಸರಿ ಇದೆ, ಅವಳಿಗೆ ಮಾತ್ರ ಭಾರ. ನೋಡಿದರೆ ಭುಜಕ್ಕೆ ಆನಿಸುವ ಹಿಡಿಕೆ ಉದ್ದ, ಅವಳ ಬೆರಳಿನ ತುದಿ ಮಾತ್ರ ಟ್ರಿಗರಿಗೆ ಮುಟ್ಟುತ್ತಿತ್ತು, ಅದೂ ಟ್ರಿಗರಿನ ಮೇಲ್ಭಾಗಕ್ಕೆ. ಟ್ರಿಗರ್ ಅಂದರೆ ಒಂದು ಸನ್ನೆ. ಮೇಲೆ, ಟ್ರಿಗರ್ ತಿರುಗುವ ಪಿನ್ನಿನ ಹತ್ತಿರ ಒತ್ತಿದಷ್ಟೂ ಬಲ ಜಾಸ್ತಿ ಬೇಕು. ಹಿಂಬದಿಯ ಪಟ್ಟಿ ಒಂದು ತೆಗೆದು ಹಿಡಿಕೆ ಗಿಡ್ಡ ಮಾಡಿದ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರಿನ ನಡುವೆ ಕೂತಿತು. ತೂಕದ ಮಾತು ಮತ್ತೆ ಬರಲಿಲ್ಲ.

ಸ್ಕ್ರೂ ಇದ್ದರೆ

ಇಷ್ಟೆಲ್ಲ ಆದಮೇಲೂ ಭಾರ ಇದೆ, ಆದರೆ ಹತ್ತು ಸಲವೂ ಒಂದೇ ಸಮ ಭಾರ. ಈಗ ಕೈಪಿಡಿ ತೆಗೆಯಿರಿ. ಕೆಲವು ರೈಫಲ್‌ಗಳಲ್ಲಿ ತೂಕಕ್ಕೆ ಅಂತಲೇ ಒಂದು ಸ್ಕ್ರೂ ಅಥವಾ ನಟ್ ಇರುತ್ತದೆ, ಅದು ಸ್ಪ್ರಿಂಗಿನ ಒತ್ತಡ ಹೆಚ್ಚು ಕಡಿಮೆ ಮಾಡುತ್ತದೆ. ಸಿಯರ್ ಎಷ್ಟು ಆಳ ಹಿಡಿಯಬೇಕು ಅನ್ನುವುದಕ್ಕೆ ಬೇರೆ ಸ್ಕ್ರೂ ಇರಬಹುದು, ಅದರ ಮೇಲೆ ಬಣ್ಣ ಅಥವಾ ಲಾಖ್ ಹಾಕಿ ಮುಚ್ಚಿದ್ದರೆ ಅದನ್ನು ಮುಟ್ಟಬೇಡಿ ಅಂತಲೇ ಅರ್ಥ. ಎರಡನ್ನೂ ಅದಲು ಬದಲು ಮಾಡಿಕೊಂಡವರು ಇದ್ದಾರೆ.

ತೂಕದ ಸ್ಕ್ರೂ ತಿರುಗಿಸುವ ಮುಂಚೆ ಅದರ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಸೇರಿಸಿ ಉಗುರು ಬಣ್ಣದಿಂದ ಒಂದು ಗೆರೆ ಎಳೆಯಿರಿ, ಮೊದಲು ಎಲ್ಲಿತ್ತು ಅಂತ ಗೊತ್ತಾಗಲಿ. ಒಂದು ಸಲಕ್ಕೆ ಕಾಲು ಸುತ್ತು. ಅಳೆಯಿರಿ, ಬರೆಯಿರಿ, ಕೆಳಗೆ ಹೇಳುವ ತಟ್ಟುವ ಪರೀಕ್ಷೆ ಮಾಡಿ, ಆಮೇಲೆ ಮತ್ತೆ ಕಾಲು ಸುತ್ತು. ಹೊಲಕ್ಕೆ, ರೇಂಜಿಗೆ ಎರಡಕ್ಕೂ ಒಯ್ಯುವ ಸಾದಾ ರೈಫಲ್ ಒಂದೂವರೆ ಕಿಲೋ ಸುತ್ತಮುತ್ತ ಇದ್ದರೆ ನನ್ನ ಪ್ರಕಾರ ಸಾಕು. ಕೆಲಸ ಮುಗಿದ ಮೇಲೆ ಸ್ಕ್ರೂ ಅಲುಗದ ಹಾಗೆ ಒಂದು ಹನಿ ಉಗುರು ಬಣ್ಣ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದ ಮೇಲೆ ಹುಡುಗರು ಅಂಥ ಹಗುರ ಟ್ರಿಗರ್ ಬೇಕು ಅಂತ ಬರುತ್ತಾರೆ. ಆ ಆಸೆ ನನಗೆ ಅರ್ಥ ಆಗುತ್ತದೆ. ಅದೂ ಪಾಯಿಂಟ್ ಟೂ ಟೂ ರಿಮ್‌ಫೈರೇ, ಗುರಿಯಲ್ಲಿ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇರಬೇಕು ಅಂತ ನಿಯಮ ಇದೆ, ಆ ರೈಫಲ್ಲಿಗೆ ಅಂಥ ಮಿತಿಯೇ ಇಲ್ಲ. ಆದರೆ ಮ್ಯಾಚ್ ರೈಫಲ್ಲಿನ ಟ್ರಿಗರನ್ನು ಹುಟ್ಟಿನಿಂದಲೇ ಹಗುರ ಎಳೆತಕ್ಕೆ ಅಂತ ಕಟ್ಟಿರುತ್ತಾರೆ, ರೇಂಜಿನಲ್ಲಿ ನಿಂತು ಗುರಿ ಹಿಡಿದ ಮೇಲೇ ಅದರ ಮೇಲೆ ಬೆರಳು ಹೋಗುವುದು. ಸಾದಾ ರೈಫಲ್ಲಿನ ಟ್ರಿಗರನ್ನು ಅಷ್ಟಕ್ಕೆ ಇಳಿಸಲು ಹೋದರೆ ಹಿಡಿದುಕೊಳ್ಳಬೇಕಾದ ಹಲ್ಲು ಹಿಡಿದುಕೊಳ್ಳುವುದಿಲ್ಲ.

ಸಿಯರ್ ಯಾಕೆ ಮುಟ್ಟಬಾರದು

ಹಳೇ ಬಾಗಿಲಿನ ಚಿಲಕ ನೆನಪು ಮಾಡಿಕೊಳ್ಳಿ. ರೈಫಲ್ಲಿನಲ್ಲೂ ಹಾಗೇ, ಬೋಲ್ಟಿನ ಒಳಗಿನ ಸ್ಪ್ರಿಂಗ್ ತೋಟಾಕ್ಕೆ ಹೊಡೆಯುವ ಪಿನ್ನನ್ನು ಮುಂದಕ್ಕೆ ತಳ್ಳುತ್ತಿರುತ್ತದೆ, ಸಿಯರ್ ಅನ್ನುವ ಸಣ್ಣ ಹಲ್ಲು ಅದನ್ನು ತಡೆದು ನಿಲ್ಲಿಸಿರುತ್ತದೆ, ಟ್ರಿಗರ್ ಎಳೆದಾಗ ಆ ಹಲ್ಲು ಜಾರುತ್ತದೆ. ಎರಡು ಲೋಹ ಒಂದನ್ನೊಂದು ಹಿಡಿದಿರುವ ಅಗಲ ಎಷ್ಟೋ ರೈಫಲ್‌ಗಳಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆ ಮುಖದ ಕೋನ ಸರಿ ಇರುವುದರಿಂದಲೇ ಅದು ನಿಂತಿದೆ. ಕೈಯಲ್ಲಿ ಕಲ್ಲು ಹಿಡಿದು ಉಜ್ಜಿದರೆ ಕೋನ ಓರೆಯಾಗುತ್ತದೆ, ಮೂಲೆ ದುಂಡಗಾಗುತ್ತದೆ.

ಎಷ್ಟೋ ರೈಫಲ್‌ಗಳಲ್ಲಿ ಈ ಭಾಗಕ್ಕೆ ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ, ಒಂದು ತೆಳು ಸಿಪ್ಪೆಯಷ್ಟು, ಒಳಗೆ ಮೆತ್ತನೆ ಉಕ್ಕು. ಉಜ್ಜಿ ಸಿಪ್ಪೆ ಹೋಯಿತು ಅಂದರೆ ಮೊದಲ ದಿನ ಬೆಣ್ಣೆಯ ಹಾಗೆ ಇರುತ್ತದೆ, ಎಲ್ಲರಿಗೂ ತೋರಿಸಿಕೊಂಡು ಬರುವಷ್ಟು. ಒಂದಿನ್ನೂರು ಗುಂಡು ಆದಮೇಲೆ ಮೆತ್ತನೆ ಉಕ್ಕು ಸವೆದು ಹಿಡಿತವೇ ಹೋಗುತ್ತದೆ. ಹೊಲಿಗೆ ಮಷೀನಿನ ಹುಕ್ಕಿನಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಹೊಲಿಗೆ ತಪ್ಪುತ್ತದೆ, ಅಷ್ಟೇ.

ಸ್ಪ್ರಿಂಗ್ ಕತ್ತರಿಸಿದರೂ ಕೊನೆಗೆ ಬರುವುದು ಇಲ್ಲಿಗೇ. ರಾಯಚೂರು ಕಡೆಯ ಪರಿಚಯದವರೊಬ್ಬರು ಟ್ರಿಗರ್ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದ್ದರು. ಎಳೆತ ಚೆನ್ನಾಗಿ ಹಗುರಾಗಿತ್ತು. ನನಗೆ ತೋರಿಸಲು ಖಾಲಿ ಕೇಸ್ ಹಾಕಿ ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದರು. ಟಕ್. ಟ್ರಿಗರಿಗೆ ಬೆರಳೇ ಇಟ್ಟಿರಲಿಲ್ಲ. ಇಬ್ಬರೂ ಸುಮ್ಮನೆ ಆ ರೈಫಲ್ ನೋಡುತ್ತಾ ಕೂತೆವು. ಅವರ ಮೊಮ್ಮಗ ಬಾಗಿಲಲ್ಲಿ ನಿಂತಿದ್ದ. ಆ ರೈಫಲ್ ಮರುದಿನವೇ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋಯಿತು, ಹೊಸ ಸ್ಪ್ರಿಂಗ್ ಬಂತು, ಸಿಯರ್ ಕೂಡ ಬದಲಾಯಿತು.

ತಟ್ಟುವ ಪರೀಕ್ಷೆ

ಬರೀ ಸ್ವಚ್ಛ ಮಾಡಿದ್ದರೂ ಇದನ್ನು ಬಿಡಬೇಡಿ. ಕೆಂಪು ಕೇಸ್ ಹಾಕಿ, ಬೋಲ್ಟ್ ಮುಚ್ಚಿ, ಸೇಫ್ಟಿ ತೆಗೆದು, ರೈಫಲ್ಲಿನ ಹಿಂಭಾಗವನ್ನು ನಾಲ್ಕು ಮಡಿಕೆ ಗೋಣಿಚೀಲದ ಮೇಲೆ ಒಂದು ಗೇಣು ಎತ್ತರದಿಂದ ಕುಕ್ಕಿ, ಐದಾರು ಸಲ. ರಬ್ಬರ್ ಸುತ್ತಿಗೆಯಿಂದ ಎಡ, ಬಲ, ಮೇಲೆ, ಕೆಳಗೆ ತಟ್ಟಿ. ಬೋಲ್ಟನ್ನು ಹತ್ತು ಸಲ ಜೋರಾಗಿ ಮುಚ್ಚಿ. ಆಮೇಲೆ ಸೇಫ್ಟಿ ಹಾಕಿ ಟ್ರಿಗರನ್ನು ಗಟ್ಟಿಯಾಗಿ ಎಳೆದು, ಬಿಟ್ಟು, ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಇದರಲ್ಲಿ ಯಾವ ಹಂತದಲ್ಲಾದರೂ ಒಂದೇ ಒಂದು ಸಲ ಟಕ್ ಅಂದರೂ ಆ ರೈಫಲ್ ಮತ್ತೆ ತೋಟಾ ನೋಡಬಾರದು. ಬೋಲ್ಟ್ ಬೇರೆ ಮಾಡಿ, ಬೀಗ ಹಾಕಿ, ರಿಪೇರಿಯವರ ಹತ್ತಿರ ಒಯ್ಯಿರಿ. ಅವರಿಗೆ ನಿಮ್ಮ ಹತ್ತು ಅಳತೆಯ ಚೀಟಿಯನ್ನೂ ಕೊಡಿ. "ಬಿಗಿ ಇದೆ ಸರ್" ಅನ್ನುವುದಕ್ಕಿಂತ "1,900ರಿಂದ 2,700 ಕುಣಿಯುತ್ತದೆ, ಕಟ್ಟಿಗೆ ಬಿಚ್ಚಿದರೂ ಹಾಗೇ" ಅಂದರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ಪರೀಕ್ಷೆ ಪಾಸಾಯಿತು ಅಂದರೆ ರೇಂಜಿಗೆ ಹೋದ ಮೊದಲ ದಿನ ಮ್ಯಾಗಜೀನ್ ತುಂಬಬೇಡಿ. ಒಂದೊಂದೇ ತೋಟಾ ಹಾಕಿ ಹತ್ತು ಹೊಡೆಯಿರಿ, ಪ್ರತಿ ಸಲ ಬೋಲ್ಟ್ ಮುಚ್ಚುವಾಗ ಬಾಯಿ ಗುರಿಯ ಕಡೆಗೇ ಇರಲಿ. ನಾನು ಜೂನ್ ಕೊನೆಯ ಭಾನುವಾರ ಬೆಳಿಗ್ಗೆ ಏಳಕ್ಕೇ, ಬಿಸಿಲು ಏರುವ ಮುಂಚೆ ಹೋಗಿದ್ದೆ. ಹತ್ತು ಆದಮೇಲೆ ಮನೆಗೆ ಬಂದು ಮತ್ತೆ ಬಾಟಲಿ ತೂಗಿದೆ. 1,800 ಗ್ರಾಂ. ಅದನ್ನು ಬರೆದಿಟ್ಟ ಚೀಟಿ ಈಗಲೂ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ, ಪಕ್ಕದಲ್ಲಿ ಮುಂದಿನ ಸಲ ತೊಳೆಯಬೇಕಾದ ತಾರೀಕು.